ಕರಿ ಆಯಿಲ್ ಹಳ್ಳಕ್ಕಿಳಿಯದಿರಲಿ

ನದಿ ಕೆಡುತ್ತಿದೆ ಎಂದೊಡನೆ ನಮಗೆ ನೆನಪಾಗುವುದು ಗಣಿ, ಇಲ್ಲವೇ ಕಾರ್ಖಾನೆ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಾಗ ಭದ್ರೆಯ ಮೂಲ ಉಳಿಯಿತೆಂದು ಮಲೆನಾಡಿಗರು ಸಂತಸಪಟ್ಟರು, ಪಡಬೇಕಾದದ್ದೇ. ಆದರೆ ಭದ್ರೆಗೆ, ತುಂಗೆಗೆ, ಶರಾವತಿಗೆ ನೀರುಣಿಸುವ ಸಣ್ಣ ಹಳ್ಳಗಳ ದಂಡೆಯಲ್ಲಿ ನಮ್ಮ ಕೈಯಿಂದಲೇ ಚೆಲ್ಲುತ್ತಿರುವ ಕರಿ ಆಯಿಲ್ ಕುರಿತು ಸಭೆಗಳಲ್ಲಿ ಮಾತೇಳುವುದು ಅಪರೂಪ.

ಇಂದು ಅಡಿಕೆ ತೋಟವಿರುವ ಮನೆಗಳಲ್ಲಿ ಎಂಜಿನ್‌ಗಳಿಗೆ ಬರವಿಲ್ಲ. ಜೀಪು, ಪವರ್ ಟಿಲ್ಲರ್, ಡೀಸೆಲ್ ಪಂಪು, ಬೋರ್ಡೋ ದ್ರಾವಣ ಸಿಂಪಡಿಸುವ ಯಂತ್ರ. ಪೇಟೆ ದೂರವಾದ್ದರಿಂದ ಆಯಿಲ್ ಬದಲಿಸುವ ಕೆಲಸವೂ ಅಂಗಳದಲ್ಲೇ ನಡೆಯುತ್ತದೆ. ಅಡಿಯಲ್ಲಿ ನುಸುಳಿ, ಬೋಲ್ಟ್ ಬಿಚ್ಚಿ, ಹಳೆಯ ಬಾಣಲೆ ಹಿಡಿಯುವಷ್ಟರಲ್ಲಿ ಒಂದಿಷ್ಟು ನೆಲದ ಪಾಲಾಗಿರುತ್ತದೆ. ಉಳಿದದ್ದು, ಗೆದ್ದಲು ಹತ್ತದಿರಲೆಂದು, ಬೇಲಿಗೂಟಕ್ಕೆ. ವ್ಯರ್ಥವಾಗಲಿಲ್ಲವೆಂಬ ಸಮಾಧಾನ ಬೇರೆ! ಎಂಜಿನ್ನಿನೊಳಗೆ ಸವೆದ ಲೋಹದ ಕಣಗಳೂ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳೂ ಸೇರಿಕೊಂಡಿರುವ ಈ ದ್ರವ ಮಳೆ ಹಿಡಿದಾಗ ಗೂಟದಿಂದಲೂ ಇಳಿದು ಮಣ್ಣು ಸೇರುತ್ತದೆ. ಒಮ್ಮೆ ಬದಲಿಸಿದ ಆಯಿಲ್ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಎಚ್ಚರಿಕೆ. ಬೇಸಿಗೆಯಲ್ಲಿ ನೂಲಿನೆಳೆಯಂತೆ ಹರಿಯುವ ನಮ್ಮ ಹಳ್ಳದಲ್ಲಿ ಅಷ್ಟು ನೀರಾದರೂ ಎಲ್ಲಿದೆ?

ಚೆಲ್ಲುವುದನ್ನು ತಪ್ಪಿಸಲು ಸರಳ ಸಾಧನವೊಂದಿದೆ: ನಿರ್ವಾತದ ಬಲದಿಂದ ಆಯಿಲ್ ಎಳೆಯುವ ಕೈಪಂಪು. ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಬೇಕು. ಬೆಚ್ಚಗಾದ ಆಯಿಲ್ ತೆಳುವಾಗುತ್ತದೆ. ಡಿಪ್‌ಸ್ಟಿಕ್ ತೆಗೆದು ಅದರ ರಂಧ್ರದಲ್ಲಿ ಸಣ್ಣ ಕೊಳವೆಯನ್ನು ತಳ ಮುಟ್ಟುವವರೆಗೆ ಇಳಿಸಿ ಹಿಡಿಕೆ ಆಡಿಸಿದರೆ, ಮುಚ್ಚಿದ ಡಬ್ಬದೊಳಗಿನ ಗಾಳಿ ಹೊರಹೋಗಿ ಆಯಿಲ್ ಅದರೊಳಕ್ಕೆ ಏರಿ ಬರುತ್ತದೆ. ನೆಲಕ್ಕೆ ಬೀಳುವ ಪ್ರಮೇಯವೇ ಇಲ್ಲ. ತಳದ ಗಸಿ ಪೂರ್ತಿ ಬರುವುದಿಲ್ಲವೆಂಬ ಮೆಕ್ಯಾನಿಕ್‌ಗಳ ಆಕ್ಷೇಪದಲ್ಲಿ ಹುರುಳಿದೆ. ಕೆಲವು ಎಂಜಿನ್‌ಗಳಲ್ಲಿ ಕೊಳವೆ ತಳಕ್ಕೆ ಮುಟ್ಟುವುದೇ ಇಲ್ಲ. ಆದ್ದರಿಂದ ಆಗೊಮ್ಮೆ ಈಗೊಮ್ಮೆ ಬೋಲ್ಟ್ ಬಿಚ್ಚಿ ಬಸಿಯಲೇಬೇಕು, ಫಿಲ್ಟರನ್ನೂ ಬದಲಿಸಬೇಕು.

ಹಾಗೆಂದು ಮನೆಗೊಂದು ಪಂಪು ಕೊಳ್ಳಿರೆಂದು ನಾನು ಹೇಳಲಾರೆ. ವರ್ಷಕ್ಕೆ ಕೆಲವೇ ದಿನ ಬೇಕಾಗುವ ವಸ್ತು ಊರಿಗೊಂದಿದ್ದರೆ ಸಾಕು. ನಿಜವಾದ ತೊಡಕಿರುವುದು ಡಬ್ಬ ತುಂಬಿದ ಮೇಲೆ. ಬಳಸಿದ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದರ ಮರುಬಳಕೆಯ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಉತ್ಪಾದಕರ ಮೇಲೂ ಹೊರಿಸಲಾಗಿದೆ. ಶುದ್ಧೀಕರಿಸಿದರೆ ಅದೇ ಆಯಿಲ್ ಮತ್ತೆ ಎಂಜಿನ್ನಿಗೆ ಬರಬಲ್ಲದು. ಆದರೆ ಸಂಗ್ರಹದ ವ್ಯವಸ್ಥೆ ಘಟ್ಟದ ಹಳ್ಳಿಯ ತನಕ ತಾನಾಗಿ ಹತ್ತಿ ಬಾರದು.

ಮೈಲುತುತ್ತ, ಗೊಬ್ಬರ ಒದಗಿಸುವ ನಮ್ಮ ಸಹಕಾರ ಸಂಘಗಳು ಈ ಕೆಲಸವನ್ನೂ ಕೈಗೆತ್ತಿಕೊಳ್ಳಲಿ. ಸಂಘಕ್ಕೊಂದು ಪಂಪು, ಸೂರಿನಡಿ, ಸಿಮೆಂಟು ನೆಲದ ಮೇಲೆ ಮುಚ್ಚಳವಿರುವ ಒಂದು ಪೀಪಾಯಿ. ನೀರು, ಸೀಮೆಎಣ್ಣೆ, ರೇಡಿಯೇಟರಿನ ದ್ರವ ಬೆರೆತರೆ ಶುದ್ಧೀಕರಣ ಕಷ್ಟವಾದ್ದರಿಂದ ಅದಕ್ಕೆ ಆಯಿಲ್ ಮಾತ್ರ ಸುರಿಯಬೇಕು. ತುಂಬಿದಾಗ ದಾರಿಹೋಕ ಗುಜರಿಯವರಿಗೆ ಮಾರದೆ, ಪರವಾನಗಿ ಇರುವ ಶುದ್ಧೀಕರಣ ಘಟಕಕ್ಕೆ ಒಪ್ಪಿಸಿ ರಸೀದಿ ಪಡೆಯಬೇಕು. ಸಂಘದ ಮುಂದಿನ ಮಹಾಸಭೆಯಲ್ಲಿ ಸದಸ್ಯರೊಬ್ಬರು ಈ ವಿಷಯವನ್ನು ಮಂಡಿಸಿದರೆ ಬರುವ ಮಳೆಗಾಲಕ್ಕೆ ಮೊದಲೇ ಪೀಪಾಯಿ ಇಡಬಹುದು.