ಒಪ್ಪಿಸುವುದು ಓದುವುದಲ್ಲ

ಮನೆಗೆ ನೆಂಟರಿಷ್ಟರು ಬಂದಾಗ ನಾಲ್ಕೈದು ವರುಷದ ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ, "ಎಲ್ಲಿ ಪುಟ್ಟಾ, ಮಾವನಿಗೆ ಅಕ್ಷರ ಹೇಳು" ಎಂದು ಅಪ್ಪಣೆ ಮಾಡುವುದು ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಒಂದು ಸಂಪ್ರದಾಯವೇ ಆಗಿಹೋಗಿದೆ. ಮಗುವು ಒಂದೇ ಉಸಿರಿಗೆ ಅಕಾರದಿಂದ ಳಕಾರದವರೆಗೆ ಒಪ್ಪಿಸುತ್ತದೆ. ಅದರ ಬೆನ್ನಿಗೇ ಇಂಗ್ಲಿಷಿನ ಅಕ್ಷರಗಳನ್ನೂ ರಾಗವಾಗಿ ಹಾಡುತ್ತದೆ. ಬಂದವರು ತಲೆದೂಗುತ್ತಾರೆ; ಹೆತ್ತವರು ಹಿಗ್ಗುತ್ತಾರೆ. ಆದರೆ ಅದೇ ಮಗುವಿಗೆ ಗೋಡೆಯ ಪಂಚಾಂಗದಲ್ಲಿ 'ಮ' ಎಂಬ ಒಂದಕ್ಷರವನ್ನು ತೋರಿಸಿ ಇದೇನೆಂದು ಕೇಳಿದರೆ ಬಹುಮಟ್ಟಿಗೆ ಉತ್ತರ ಬಾರದು. ಇದು ಓದಲ್ಲ, ಬರಿಯ ಒಪ್ಪಿಸುವಿಕೆ. ಈ ಎರಡನ್ನೂ ಒಂದೆಂದು ಬಗೆದು ನಾವು ಮಕ್ಕಳ ಎಳೆಯ ವರುಷಗಳನ್ನು ವ್ಯರ್ಥಪಡಿಸುತ್ತಿದ್ದೇವೆಂಬುದೇ ಈ ಲೇಖನದ ಆಕ್ಷೇಪಣೆ.

ಓದುವುದೆಂದರೆ ಬರೆದ ಗುರುತನ್ನು ಕಂಡು ಅದರ ಧ್ವನಿಯನ್ನು ಹೊರಡಿಸುವುದು. ಆ ಧ್ವನಿಗಳನ್ನು ಕೂಡಿಸಿ, ತಾನು ಮುಂಚೆಯೇ ಬಲ್ಲ ಮಾತೊಂದನ್ನು ಪಡೆಯುವುದು. ಕಿವಿಯಲ್ಲಿದ್ದ ಮಾತು ಕಣ್ಣಿಗೆ ಕಾಣಿಸಿಕೊಂಡಾಗ ಮಗುವಿಗೆ ಆಗುವ ಆನಂದವೇ ಮುಂದಿನ ಓದಿಗೆಲ್ಲ ಬಂಡವಾಳ. ಆದುದರಿಂದ ಮೊದಲ ಓದು ಮಗುವು ಆಡುವ ಭಾಷೆಯಲ್ಲಿ ನಡೆಯತಕ್ಕದ್ದು, ಧ್ವನಿಯ ದಾರಿಯಿಂದ ನಡೆಯತಕ್ಕದ್ದು, ಮನೆಯಲ್ಲಿಯೇ ಆರಂಭವಾಗತಕ್ಕದ್ದು.

ಈ ಧ್ವನಿಕ್ರಮವನ್ನು 'ಫೋನಿಕ್ಸ್' ಎಂಬ ಹೆಸರಿನಲ್ಲಿ, ಶುಲ್ಕ ತೆತ್ತು, ಇಂಗ್ಲಿಷಿಗಾಗಿ ಮಾತ್ರ ಕೊಳ್ಳುವ ತಂದೆತಾಯಿಗಳು ಇಂದು ನಗರಗಳಲ್ಲಿ ಅನೇಕರಿದ್ದಾರೆ. ಕನ್ನಡ ಲಿಪಿಯು ಮೊದಲಿನಿಂದಲೂ ಧ್ವನಿಯ ಲಿಪಿಯೆಂಬುದನ್ನು ಅವರು ಮರೆತಂತಿದೆ. ನಮ್ಮ ೪೯ ಅಕ್ಷರಗಳಲ್ಲಿ ಹೆಚ್ಚುಕಡಮೆ ಪ್ರತಿಯೊಂದರ ಹೆಸರೂ ಧ್ವನಿಯೂ ಒಂದೇ. 'ಗ', 'ದ', 'ಗ' ಎಂದು ಬೇಗಬೇಗನೆ ಹೇಳಿದರೆ 'ಗದಗ' ಎಂಬ ಊರು ಬಂದೇ ಬರುತ್ತದೆ. 'ಸಿ', 'ಎ', 'ಟಿ' ಎಂದು ಎಷ್ಟು ಬೇಗ ಹೇಳಿದರೂ 'ಕ್ಯಾಟ್' ಆಗದು. ಅಲ್ಲಿ ೨೬ ಅಕ್ಷರಗಳು ಸುಮಾರು ೪೪ ಧ್ವನಿಗಳ ಭಾರವನ್ನು ಹೊರಬೇಕು. ಯೂರೋಪಿನ ೧೩ ಭಾಷೆಗಳ ಮಕ್ಕಳನ್ನು ಹೋಲಿಸಿ ೨೦೦೩ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ, ಬರಹವೂ ಉಚ್ಚಾರವೂ ಹೊಂದಿಕೊಂಡಿರುವ ಭಾಷೆಗಳಿಗಿಂತ ಇಂಗ್ಲಿಷಿನಲ್ಲಿ ಓದಿನ ಮೊದಲ ಬೆಳವಣಿಗೆಯು ಎರಡು ಪಟ್ಟಿಗೂ ಮಿಗಿಲಾಗಿ ನಿಧಾನವೆಂದು ಕಂಡುಬಂದಿತು. ತೆರೆದ ಬಾಗಿಲನ್ನು ಬಿಟ್ಟು ಬೇಲಿಯ ಮೇಲಿಂದ ಮಗುವನ್ನು ಒಳಕ್ಕೆ ಇಳಿಸುವುದು ಯಾವ ಜಾಣತನ?

ಹಾಗೆಂದು ಕನ್ನಡವನ್ನು ಕಲಿಸುವ ನಮ್ಮ ರೂಢಿಯು ನಿರ್ದೋಷವೆಂದಲ್ಲ. ವರ್ಣಮಾಲೆಯು ಕಂಠ, ತಾಲು, ಮೂರ್ಧ, ದಂತ, ಓಷ್ಠಗಳೆಂಬ ಉಚ್ಚಾರಣಸ್ಥಾನಗಳನ್ನು ಅನುಸರಿಸಿದ ಶಾಸ್ತ್ರೀಯ ಕ್ರಮ. ವೈಯಾಕರಣರ ಸೂಕ್ಷ್ಮಬುದ್ಧಿಗೆ ಸಾಕ್ಷಿ. ಆದರೆ ಶಿಶುವಿನ ಅಗತ್ಯವೇ ಬೇರೆ. ಆ ಕ್ರಮದಲ್ಲಿ ನಡೆದರೆ ಮಗುವು ಕನ್ನಡದ ಯಾವ ಮಾತಿನ ಮೊದಲಿಗೂ ಬಾರದ ಙಕಾರವನ್ನು ಐದನೆಯ ವ್ಯಂಜನವಾಗಿ ಕಲಿಯುತ್ತದೆ. 'ಮರ', 'ಮನೆ'ಗಳ ಮಕಾರಕ್ಕಾಗಿ ಇಪ್ಪತ್ತೈದನೆಯದರವರೆಗೆ ಕಾಯುತ್ತದೆ. ಅಷ್ಟರೊಳಗೆ ಅದಕ್ಕೆ ಬೇಸರ ಹತ್ತಿರುತ್ತದೆ. ಇದಕ್ಕೆ ಪ್ರತಿಯಾಗಿ ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳನ್ನು ಕೊಟ್ಟು ನೋಡಿರಿ: ಸರ, ರಸ, ದರ, ಅರಸ, ಅಗಸ, ಗರಗಸ. ವರ್ಣಮಾಲೆ ಮುಗಿಯುವ ಮೊದಲೇ ಮಗುವಿಗೆ ಓದಲು ಮಾತುಗಳು ದೊರೆತವು! ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿಯೂ ಅಕಾರಾದಿ ಕ್ರಮವನ್ನು ಬಿಟ್ಟು ಈ ದಾರಿಯನ್ನೇ ಹಿಡಿಯಿತು. ಹಳ್ಳಿಯ ಶಾಲೆಗಳು ಅರಿತುಕೊಂಡುದನ್ನು ಪಟ್ಟಣದ ಪದವೀಧರರ ಮನೆಗಳು ಅರಿಯದಿರುವುದು ಸೋಜಿಗ.

ಕಾಗುಣಿತದ ವಿಷಯವೂ ಹೀಗೆಯೇ. ೩೪ ವ್ಯಂಜನಗಳ ಬಳ್ಳಿಗಳನ್ನು ಉರುಹೊಡೆಯಿಸಿದರೆ ನಾನೂರಕ್ಕೂ ಮೀರಿದ ರೂಪಗಳು ಬಾಯಿಗೆ ಬರುತ್ತವೆ. ಅವುಗಳ ಕೀಲು ಕೈಗೆ ಬರುವುದಿಲ್ಲ. 'ರ' ಎಂಬುದರಲ್ಲಿ ಅಕಾರವು ಅಡಗಿದೆ. ಗುಡಿಸು ಬಂದರೆ ಅಕಾರ ಹೋಗಿ ಇಕಾರ ಸೇರಿ 'ರಿ' ಆಗುತ್ತದೆ. ಇಷ್ಟನ್ನು ಕಿವಿಗೆ ತಿಳಿಯುವಂತೆ ಹೇಳಿದರೆ ಅದೇ ಗುಡಿಸನ್ನು 'ಗ', 'ಸ'ಗಳಿಗೆ ಮಗುವೇ ಹಚ್ಚಿ ನೋಡುತ್ತದೆ. ಕೆಲಸವೇನೋ ದೀರ್ಘವಾದದ್ದೇ. ಕನ್ನಡದ ಮಕ್ಕಳಿಗೆ ಅಕ್ಷರಗಳೆಲ್ಲ ವಶವಾಗಲು ಪ್ರಾಥಮಿಕ ಶಾಲೆಯ ಮೂರುನಾಲ್ಕು ವರುಷಗಳು ಹಿಡಿಯುತ್ತವೆಂದು ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿದೆ. ದಾರಿಯು ನೀಳವಾಗಿರುವುದರಿಂದಲೇ ಕೀಲನ್ನರಿತು ನಡೆಯಬೇಕು. 'ಪ'ಕಾರ 'ಷ'ಕಾರಗಳಂತೆ ರೂಪದಲ್ಲಿ ಹೋಲುವವುಗಳನ್ನು ಒಂದೇ ದಿನ ಹೇಳಿಕೊಟ್ಟು ಕಣ್ಣನ್ನು ಕಂಗೆಡಿಸಬಾರದು.

ಚಿತ್ರವನ್ನು ನೋಡಿ ಇಡಿಯ ಪದವನ್ನು ಊಹಿಸುವುದೇ ಸಹಜವಾದ ಓದೆಂದು ವಾದಿಸುವವರುಂಟು. ಈ ವಾದದ ಪರೀಕ್ಷೆಯು ಇಂಗ್ಲಿಷ್ ನಾಡುಗಳಲ್ಲಿಯೇ ನಡೆದುಹೋಗಿದೆ. ಅಮೆರಿಕದಲ್ಲಿ ರುಡಾಲ್ಫ್ ಫ್ಲೆಷ್ ಎಂಬಾತನು ೧೯೫೫ರಲ್ಲಿಯೇ ಇದನ್ನು ಖಂಡಿಸಿ ಗ್ರಂಥ ಬರೆದನು. ೨೦೦೦ದಲ್ಲಿ ಅಲ್ಲಿಯ ರಾಷ್ಟ್ರೀಯ ವಾಚನ ಮಂಡಳಿಯು ಕ್ರಮಬದ್ಧವಾದ ಧ್ವನಿಪಾಠದ ಪರವಾಗಿ ನಿರ್ಣಯವಿತ್ತಿತು. ಇಂಗ್ಲೆಂಡಿನಲ್ಲಿ ೨೦೧೨ರಲ್ಲಿ ಮೊದಲಾದ, ಐದಾರು ವರುಷದ ಮಕ್ಕಳ ಧ್ವನಿಪರೀಕ್ಷೆಯ ೪೦ ಪದಗಳಲ್ಲಿ ಅರ್ಧಕ್ಕರ್ಧ ಅರ್ಥವೇ ಇಲ್ಲದವು. ಊಹೆಗೆ ಎಡೆಯಿರಬಾರದೆಂಬುದೇ ಅದರ ಉದ್ದೇಶ. ಇದರಿಂದ ಮಕ್ಕಳಿಗೆ ಕಥೆಯನ್ನು ಓದಿ ಹೇಳುವುದು ಬೇಡವೆಂದಾಗಲಿಲ್ಲ. ಕಥೆಯು ಓದುವ ಆಸೆಯನ್ನು ಹುಟ್ಟಿಸುತ್ತದೆ. ಧ್ವನಿಪಾಠವು ಆ ಆಸೆಯನ್ನು ಈಡೇರಿಸುವ ಶಕ್ತಿಯನ್ನು ಕೊಡುತ್ತದೆ.

"ಇದೆಲ್ಲ ಶಾಲೆಯ ಕೆಲಸ; ನಮಗೆ ಬಿಡುವಿಲ್ಲ" ಎಂಬುದು ಕೊನೆಯ ಆಕ್ಷೇಪ. ತರಗತಿಯಲ್ಲಿ ಮೂವತ್ತು ಬಾಯಿಗಳು ಒಟ್ಟಿಗೆ ಕೂಗುವಾಗ ಯಾವ ಮಗು ಓದುತ್ತಿದೆ, ಯಾವುದು ನೆರೆಯವನ ದನಿಗೆ ದನಿಗೂಡಿಸುತ್ತಿದೆ ಎಂದು ಉಪಾಧ್ಯಾಯರಾದರೂ ಹೇಗೆ ತಿಳಿಯಬೇಕು? ಮನೆಯಲ್ಲಿ ಒಂದು ಮಗು, ಒಬ್ಬ ಹಿರಿಯರು, ಅಜ್ಜಿಯಾದರೂ ಆದೀತು. ಮೊದಲು ಬಾಯಿಮಾತಿನ ಆಟ: 'ಕಮಲ'ದ ಮೊದಲ ಅಕ್ಷರ ಯಾವುದು, ಕೊನೆಯದು ಯಾವುದು? ಬಳಿಕ ಹಲಗೆಯ ಮೇಲೆ ಎರಡು ಅಕ್ಷರ. ದಿನಕ್ಕೆ ಕಾಲುಗಂಟೆ ಸಾಕು. ಗದರಿಸುವುದು, ಪಕ್ಕದ ಮನೆಯ ಮಗುವಿನೊಡನೆ ಹೋಲಿಸುವುದು ಸರ್ವಥಾ ಕೂಡದು.

ಇಂಗ್ಲಿಷು ಹಿಂದೆ ಬಿದ್ದೀತೆಂಬ ಭಯವೂ ಬೇಡ. 'ಕ'ಕಾರದಿಂದ ಅಕಾರವನ್ನು ಕಳೆದರೆ 'ಕ್' ಉಳಿಯುವುದೆಂದು ಕನ್ನಡದಲ್ಲಿ ಅರಿತ ಮಗುವಿಗೆ ಇಂಗ್ಲಿಷ್ ಧ್ವನಿಪಾಠದ ಬೀಗದಕೈ ಆಗಲೇ ಸಿಕ್ಕಿದೆ. ಕನ್ನಡವನ್ನು ಕಲಿಯದೆ ಹೋದ ಮಗುವಿಗೆ ಆಗುವ ನಷ್ಟವೇ ದೊಡ್ಡದು. ಅಪ್ಪ ಅಮ್ಮಂದಿರು ಕೂಡಿಟ್ಟ ಪುಸ್ತಕಗಳು ಬೀರುವಿನಲ್ಲಿರುತ್ತವೆ. ಆ ಮನೆಯ ಮಗನೋ ಮಗಳೋ ಕನ್ನಡವನ್ನು ಆಡಬಲ್ಲರು, ಆ ಪುಸ್ತಕಗಳನ್ನು ತೆರೆದು ಓದಲಾರರು. ವಿಜಯದಶಮಿಯಂದು ಅಕ್ಕಿಯ ಮೇಲೆ ಮಗುವಿನ ಬೆರಳನ್ನು ಹಿಡಿದು ಬರೆಯಿಸಿದ ಮಾತ್ರಕ್ಕೆ ಹೆತ್ತವರ ಋಣ ತೀರಲಿಲ್ಲ. ಮರುದಿನದ ಕಾಲುಗಂಟೆಯಿಂದ ಅದು ಆರಂಭವಾಗುತ್ತದೆ.