ಕೈಗಡದ ಲೆಕ್ಕ
ಮುಂಬೈಯ ದಹಿಸರ್‌ನಿಂದ ಪ್ರಭಾದೇವಿಗೆ ಲೋಕಲ್ ಹಿಡಿದರೆ ಹತ್ತಿರ ಹತ್ತಿರ ಒಂದು ಗಂಟೆ. ನ್ಯೂ ಇಂಡಿಯಾ ಸಹಕಾರಿ ಬ್ಯಾಂಕಿನ ಜನರಲ್ ಮ್ಯಾನೇಜರ್ ಆಗಿದ್ದ ಹಿತೇಶ್ ಮೆಹ್ತಾ ವಾಸವಿದ್ದದ್ದು ದಹಿಸರ್‌ನಲ್ಲಿ, ಬ್ಯಾಂಕಿನ ತಿಜೋರಿ ಇದ್ದದ್ದು ಪ್ರಭಾದೇವಿಯಲ್ಲಿ, ಇನ್ನೊಂದು ಗೋರೆಗಾಂವ್‌ನಲ್ಲಿ. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕಿನವರು ಬಂದು ಎಣಿಸಿದಾಗ ಪುಸ್ತಕದಲ್ಲಿದ್ದ ಸುಮಾರು 122 ಕೋಟಿ ರೂಪಾಯಿ ಒಳಗಿರಲಿಲ್ಲ. ಆತ ಅದನ್ನು ಪರಿಚಿತರಿಗೆ ಕೊಟ್ಟ ಎಂಬುದು ಪೊಲೀಸರ ಆರೋಪ. ನಿಜವೋ ಸುಳ್ಳೋ ಹೇಳಬೇಕಾದದ್ದು ನ್ಯಾಯಾಲಯ. ನನ್ನ ಕುತೂಹಲವೆಲ್ಲ ಆ ‘ಕೊಟ್ಟ’ ಎಂಬ ಪದದ ಮೇಲೆ. ‘ಕದ್ದ’ ಎಂಬುದಕ್ಕಿಂತ ಮೆತ್ತಗಿನ ಪದ ಅದು. ಹಣ ನುಂಗಿ ಜೈಲು ಸೇರಿದವರನ್ನು ಮಾತಾಡಿಸಿ ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸಿ 1953ರಲ್ಲೇ ಬರೆದಿದ್ದ: ಯಾರಿಗೂ ಹೇಳಿಕೊಳ್ಳಲಾಗದ ತಾಪತ್ರಯ, ಕೈಯಲ್ಲೇ ಇರುವ ಕೀಲಿ, ಇಷ್ಟೇ ಸಾಲದು, ‘ಕದಿಯುತ್ತಿಲ್ಲ, ಕೈಗಡ ತಗೊಂಡಿದ್ದೇನೆ’ ಎಂದು ತನಗೆ ತಾನೇ ಹೇಳಿಕೊಳ್ಳುವ ಮಾತೂ ಬೇಕು. ಕೈಗಡ! ಪಕ್ಕದ ಮನೆಯ ಸಕ್ಕರೆಗೂ ನಡೆಯುತ್ತದೆ, ಕೋಟಿಗೂ ನಡೆಯುತ್ತದೆ. ಅಂದಹಾಗೆ, 1968ರಲ್ಲಿ ಕಾರ್ಮಿಕರಿಗೆಂದು ಈ ಬ್ಯಾಂಕು ಕಟ್ಟಿದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. 2025ರ ಆಗಸ್ಟ್‌ನಲ್ಲಿ ಅದು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು. ಅಷ್ಟರೊಳಗೆ ಠೇವಣಿದಾರರು ತಮ್ಮದೇ ದುಡ್ಡಿನಲ್ಲಿ ರಿಸರ್ವ್ ಬ್ಯಾಂಕ್ ಬಿಟ್ಟುಕೊಟ್ಟ 25,000 ರೂಪಾಯಿಯಷ್ಟನ್ನೇ ತೆಗೆಯಲು ಸಾಲು ನಿಂತಿದ್ದರು.