ಡೀಸೆಲ್ ಬಿಟ್ಟು ಪೆಲೆಟ್ ಹಿಡಿದರೆ ಉಳಿಯುವುದೆಷ್ಟು?

ಪೆಲೆಟ್ ಎಂದರೆ ಮರದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಕಾಫಿ ಹೊಟ್ಟು, ಜೋಳದ ಬೆಂಡು ಮುಂತಾದವನ್ನು ಒಣಗಿಸಿ, ಪುಡಿ ಮಾಡಿ, ಯಂತ್ರದಲ್ಲಿ ಒತ್ತಿ ತೆಗೆದ ಉರುವಲಿನ ಗುಳಿಗೆ. ದಪ್ಪ ಆರರಿಂದ ಹತ್ತು ಮಿಲಿಮೀಟರ್. ಅಂಟು ಬೆರೆಸಬೇಕಾಗಿಲ್ಲ, ಒತ್ತಡಕ್ಕೂ ಕಾವಿಗೂ ಸಿಕ್ಕ ಲಿಗ್ನಿನ್ ಎಂಬ ಅಂಶ ಮೆತ್ತಗಾಗಿ, ಆರಿದ ಮೇಲೆ ತಾನೇ ಹಿಡಿದುಕೊಳ್ಳುತ್ತದೆ. ಮೂಟೆಗಟ್ಟಲೆ ಜಾಗ ತಿನ್ನುವ ಹೊಟ್ಟು ಹೀಗೆ ಒತ್ತಿದಾಗ ಐದಾರು ಪಟ್ಟು ಅಡಕವಾಗುತ್ತದೆ, ತೇವಾಂಶ ಶೇ 10ರ ಆಸುಪಾಸಿಗೆ ಇಳಿಯುತ್ತದೆ. ಅಮೆರಿಕದಲ್ಲಿ ಪೆಲೆಟ್ ಒಲೆ ಮನೆಗಳಿಗೆ ಬಂದದ್ದು 1980ರ ದಶಕದಲ್ಲಿ, 1973ರ ತೈಲ ಬಿಕ್ಕಟ್ಟಿನ ಬಿಸಿ ಇನ್ನೂ ನೆನಪಿದ್ದ ಕಾಲದಲ್ಲಿ. ಅಲ್ಲಿನ ಮೇನ್ ರಾಜ್ಯದಂಥ ಕಡೆ ಇಂದಿಗೂ ಸುಮಾರು ಅರ್ಧದಷ್ಟು ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಎಣ್ಣೆ. ಆ ಖರ್ಚು ತಾಳದೆ ಪೆಲೆಟ್ ಒಲೆಗೆ ಬದಲಾದವರು ಅಲ್ಲಿ ಬಹಳ ಮಂದಿ.

ಹಾಸನ ಜಿಲ್ಲೆಯಲ್ಲಿ ಮನೆ ಬೆಚ್ಚಗಿಡಲು ಎಣ್ಣೆ ಸುಡುವವರಿಲ್ಲ. ಧನುರ್ಮಾಸದ ಬೆಳಗಿನ ಚಳಿಗೆ ಇಲ್ಲಿ ಕಂಬಳಿ ಸಾಕು. ಇಲ್ಲಿ ಕಾಸಿಗೆ ಕಾಸು ಸೇರಿಸಿ ಕಾಯಿಸುವುದು ಮೂರನ್ನು: ಸ್ನಾನದ ನೀರು, ಅಂಗಡಿ-ಹೋಟೆಲು-ಮದುವೆಮನೆಗಳ ಭಟ್ಟಿ, ಮತ್ತು ಅರಕಲಗೂಡು ಕಡೆಯ ಹೊಗೆಸೊಪ್ಪು ಒಣಗಿಸುವ ಬ್ಯಾರನ್. ಪೆಲೆಟ್‌ನಿಂದ ಹಣ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಈ ಮೂರು ಕಡೆ ಮೂರು ಉತ್ತರ ಸಿಗುತ್ತವೆ.

ಉರುವಲಿನ ಬೆಲೆ ಬೇರೆ, ಅದರಿಂದ ದಕ್ಕುವ ಶಾಖದ ಬೆಲೆ ಬೇರೆ. ಮಾರುವವರು ಹೇಳುವುದು ಮೊದಲನೆಯದನ್ನು ಮಾತ್ರ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 8,500 ಕಿಲೊ ಕ್ಯಾಲೊರಿ ಶಾಖವಿದೆ, ಒಂದು ಕೆ.ಜಿ. ಅಡುಗೆ ಅನಿಲದಲ್ಲಿ ಸುಮಾರು 11,000, ಒಂದು ಕೆ.ಜಿ. ಪೆಲೆಟ್‌ನಲ್ಲಿ 3,500ರಿಂದ 4,200. ಇದರ ಮೇಲೆ ಒಲೆಯ ಗುಣ ಸೇರುತ್ತದೆ. ಅನಿಲದ ಒಲೆ ತನ್ನ ಶಾಖದಲ್ಲಿ ಶೇ 60ರಷ್ಟನ್ನು ಪಾತ್ರೆಗೆ ಮುಟ್ಟಿಸಿದರೆ, ಫ್ಯಾನ್ ಇರುವ ಒಳ್ಳೆಯ ಪೆಲೆಟ್ ಒಲೆ ಮುಟ್ಟಿಸುವುದು ಶೇ 40ರ ಸುತ್ತಮುತ್ತ. ಮೂರು ಕಲ್ಲಿನ ಒಲೆಯದು ಶೇ 10-15. ಇವೆರಡನ್ನೂ ಗುಣಿಸದೆ ಕೆ.ಜಿ.ಗೆ ಇಷ್ಟು ರೂಪಾಯಿ ಎಂದು ಹೋಲಿಸುವುದು ಅಂಗಡಿಯವನಿಗೆ ಲಾಭ, ಕೊಳ್ಳುವವನಿಗಲ್ಲ.

ಮೊದಲು ಬಚ್ಚಲುಮನೆ. ನಾಲ್ಕು ಜನರ ಸ್ನಾನಕ್ಕೆ 80 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು 2,000 ಕಿಲೊ ಕ್ಯಾಲೊರಿ ಬೇಕು. ವಿದ್ಯುತ್ ಗೀಸರ್‌ನಲ್ಲಾದರೆ ನಷ್ಟವೂ ಸೇರಿ ಎರಡೂವರೆ ಯೂನಿಟ್‌ಗಿಂತ ಕೊಂಚ ಹೆಚ್ಚು. ಯೂನಿಟ್‌ಗೆ 6 ರೂಪಾಯಿ ಎಂದರೆ 16 ರೂಪಾಯಿಯೊಳಗೆ ಮುಗಿಯಿತು. ಪೆಲೆಟ್ ಒಲೆಯ ಮೇಲೆ ಹಂಡೆ ಇಟ್ಟರೆ 1.3 ಕೆ.ಜಿ. ಬೇಕು. ಕೆ.ಜಿ.ಗೆ 15 ರೂಪಾಯಿಯಂತೆ 20 ರೂಪಾಯಿ. ಅಂದರೆ ದುಡ್ಡು ಕೊಟ್ಟು ಒಲೆ ಕೊಂಡು, ಬೂದಿ ತೆಗೆದು, ಕೊನೆಗೆ ದಿನಕ್ಕೆ 4 ರೂಪಾಯಿ ಹೆಚ್ಚು ಖರ್ಚು. 2023ರ ಜುಲೈನಿಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಮಿತಿಯೊಳಗೆ ಬಿಲ್ಲೇ ಬಾರದ ಮನೆಗಳಿಗಂತೂ ಈ ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಚಾವಣಿಯ ಮೇಲೆ ಸೋಲಾರ್ ಇರುವವರಿಗೆ ಮಳೆಗಾಲದ ಮೋಡದ ದಿನಗಳಷ್ಟೇ ತೊಂದರೆ.

ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆಗಳ ಕತೆ ಇನ್ನೂ ಸರಳ. ಅಲ್ಲಿ ನೀರೊಲೆಗೆ ಗರಿ, ಎಡೆಮಟ್ಟೆ, ಹೊಂಬಾಳೆ, ಕಾಯಿಸಿಪ್ಪೆ ಬಿಟ್ಟಿ. ಕರಟ ಮಾರಾಟವಾಗುತ್ತದೆ. ಅದಕ್ಕೆ ಇದ್ದಿಲು ಮಾಡುವವರ ಗಿರಾಕಿ ಇದೆ. ಬಿಟ್ಟಿ ಉರುವಲು ಇರುವ ಕಡೆ ಕೊಂಡ ಉರುವಲು ಗೆಲ್ಲುವುದಿಲ್ಲ. ಆ ಮನೆಗಳಿಗೆ ಬೇಕಾದದ್ದು ಒಳ್ಳೆಯ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ವಿಭಾಗ ರೂಪಿಸಿದ ಅಸ್ತ್ರ ಒಲೆ ಮಾಡಿದ್ದು ಇದನ್ನೇ. ಗಾಳಿಗೆ ಅಳತೆ ಹಾಕಿ, ಹೊಗೆಗೆ ಕೊಳವೆ ಕೊಟ್ಟು, ಅದೇ ಸೌದೆಯಿಂದ ಮೊದಲಿಗಿಂತ ಎರಡು ಮೂರು ಪಟ್ಟು ಶಾಖ ತೆಗೆಯಿತು. ಹಂಡೆಯ ಸುತ್ತ ಕಟ್ಟೆ ಕಟ್ಟಿ ಉರಿ ಹೊರಗೆ ಚೆಲ್ಲದಂತೆ ಮಾಡಿದರೂ ಮನೆಯವರ ಕಣ್ಣುರಿ ಇಳಿಯುತ್ತದೆ. ಇದಕ್ಕೆ ಖರ್ಚು ಗಾರೆ ಕೆಲಸದವರ ಒಂದು ದಿನದ ಕೂಲಿ ಮತ್ತು ಒಂದಿಷ್ಟು ಇಟ್ಟಿಗೆ.

ಲೆಕ್ಕ ತಿರುಗುವುದು ಬೇಕರಿಯಲ್ಲಿ. ಬೇಕರಿಗೂ ಹಾಸನಕ್ಕೂ ಹಳೆಯ ನಂಟಿದೆ. ಈ ಜಿಲ್ಲೆಯಿಂದ ಹೋದ ಅಯ್ಯಂಗಾರರೇ ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿ ಎಂಬ ಹೆಸರನ್ನು ಬೀದಿಬೀದಿಗೆ ಮುಟ್ಟಿಸಿದವರು. ಅವುಗಳಲ್ಲಿ ಮೊದಲನೆಯದೆಂದು ಹೇಳಲಾಗುವ, ಚಿಕ್ಕಪೇಟೆಯ ಬಿ.ಬಿ. ಬೇಕರಿಯನ್ನು ಎಚ್.ಎಸ್. ತಿರುಮಲಾಚಾರ್ ಆರಂಭಿಸಿದ್ದು 1898ರಲ್ಲಿ. ಅಂದಿನ ಬೇಕರಿಗಳದು ಸೌದೆ ಭಟ್ಟಿ. ಇಟ್ಟಿಗೆಯ ಗುಹೆಯೊಳಗೆ ಬೆಂಕಿ ಹಾಕಿ, ಕೆಂಡ ಎಳೆದು, ಕಾದ ನೆಲದ ಮೇಲೆ ಬ್ರೆಡ್ಡು ಬೇಯಿಸುವ ಕ್ರಮ. ಆಮೇಲೆ ಬಂದದ್ದು ಡೀಸೆಲ್ ಓವನ್. ಗುಂಡಿ ಒತ್ತಿದರೆ ಉರಿ, 200-220 ಡಿಗ್ರಿ ಮುಟ್ಟಿದರೆ ತಾನೇ ಆರುತ್ತದೆ, ಹೊಗೆ ಬ್ರೆಡ್ಡಿಗೆ ತಾಗದು. ಡೀಸೆಲ್ ಅಗ್ಗವಿದ್ದಾಗ ಇದಕ್ಕಿಂತ ಸುಖವಿರಲಿಲ್ಲ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ಹಿಡಿತ ಹೋಯಿತು, 2017ರ ಜೂನ್‌ನಿಂದ ದರ ದಿನದಿನವೂ ಬದಲಾಗತೊಡಗಿತು. ಬನ್ನಿನ ಬೆಲೆ ಮಾತ್ರ ದಿನದಿನ ಬದಲಾಗುವುದಿಲ್ಲ.

ದಿನಕ್ಕೆ 25 ಲೀಟರ್ ಡೀಸೆಲ್ ಸುಡುವ ಒಂದು ಬೇಕರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ 2,250 ರೂಪಾಯಿ. ಅದೇ ಓವನ್‌ಗೆ ಡೀಸೆಲ್ ಬರ್ನರ್ ಬಿಚ್ಚಿ ಪೆಲೆಟ್ ಬರ್ನರ್ ಕೂರಿಸಬಹುದು: ಮೇಲೊಂದು ಡಬ್ಬಿ, ಗುಳಿಗೆಯನ್ನು ತಳ್ಳುವ ತಿರುಪು, ಗಾಳಿಗೆ ಫ್ಯಾನ್. ಬರ್ನರ್‌ನ ಗುಣ ಸ್ವಲ್ಪ ಕಡಿಮೆಯೆಂದು ಹಿಡಿದರೂ ಲೀಟರ್ ಡೀಸೆಲ್‌ಗೆ ಎರಡೂವರೆ ಕೆ.ಜಿ.ಗಿಂತ ಕೊಂಚ ಹೆಚ್ಚು ಪೆಲೆಟ್ ಸಾಕು. 25 ಲೀಟರಿಗೆ 64 ಕೆ.ಜಿ.; 15 ರೂಪಾಯಿಯಂತೆ 960. ಫ್ಯಾನಿನ ವಿದ್ಯುತ್ತು, ಬೂದಿ ಬಳಿಯುವ ಹುಡುಗನ ಸಮಯ ಕಳೆದರೂ ದಿನಕ್ಕೆ ಸಾವಿರ ರೂಪಾಯಿಗೆ ಮೋಸವಿಲ್ಲ. ಬರ್ನರ್‌ಗೆ ಒಂದೂವರೆ ಲಕ್ಷ ಬಿದ್ದರೂ ಐದು ತಿಂಗಳಲ್ಲಿ ಹಿಂದಿರುಗುತ್ತದೆ. ಮದುವೆಮನೆಯ ಅಡುಗೆಯವರು ಗುಯ್ಗುಡುವ ಡೀಸೆಲ್ ಸ್ಟವ್‌ಗಳನ್ನು ಇಟ್ಟುಕೊಂಡಿದ್ದರೆ ಅವರಿಗೂ ಹೆಚ್ಚುಕಡಿಮೆ ಇದೇ ಪ್ರಮಾಣದ ಉಳಿತಾಯ.

ಅನಿಲದಲ್ಲಿ ಅಡುಗೆ ಮಾಡುವ ಹೋಟೆಲಿಗೆ ಲಾಭ ಇಷ್ಟು ದೊಡ್ಡದಲ್ಲ. 19 ಕೆ.ಜಿ.ಯ ಒಂದು ವಾಣಿಜ್ಯ ಸಿಲಿಂಡರ್ ಮಾಡುವ ಕೆಲಸಕ್ಕೆ ಸುಮಾರು 80 ಕೆ.ಜಿ. ಪೆಲೆಟ್ ಬೇಕು. ಸಿಲಿಂಡರ್ 1,800 ರೂಪಾಯಿ, ಪೆಲೆಟ್ 15 ರೂಪಾಯಿ ಎಂದರೆ ಉಳಿಯುವುದು 600. ಪೆಲೆಟ್ 22 ರೂಪಾಯಿ ದಾಟಿದರೆ ಉಳಿಯುವುದು ಬೂದಿ ಮಾತ್ರ. ದೋಸೆ ಕಲ್ಲಿಗೆ, ಕಾಫಿ ಸೆಕ್ಷನ್ನಿಗೆ, ಹಚ್ಚಿ ಆರಿಸುವ ಎಲ್ಲ ಕೆಲಸಕ್ಕೆ ಅನಿಲವೇ ಮೇಲು. ಅನ್ನ, ಸಾಂಬಾರು, ಇಡ್ಲಿ ಹಬೆಯಂಥ ಗಂಟೆಗಟ್ಟಲೆ ಒಂದೇ ಸಮ ಉರಿಯುವ ಕಡೆ ಪೆಲೆಟ್ ಇಡಬಹುದು.

ಈ 15 ರೂಪಾಯಿ ಎಷ್ಟು ದಿನ 15 ಆಗಿಯೇ ಇರುತ್ತದೆ ಎಂಬುದು ಮುಖ್ಯ ಪ್ರಶ್ನೆ. ಇದಕ್ಕೆ ಕರ್ನಾಟಕ ಒಮ್ಮೆ ಉತ್ತರ ಕಂಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಅವರ ಪ್ರಯೋಗಾಲಯದ ಪರಿಣತಿಯಿಂದ ರೂಪುಗೊಂಡ ಊರ್ಜಾ ಎಂಬ ಪೆಲೆಟ್ ಒಲೆಯನ್ನು ಬ್ರಿಟಿಷ್ ಪೆಟ್ರೋಲಿಯಂ ಕಂಪನಿ 2006ರ ಸುಮಾರಿಗೆ ಮಾರುಕಟ್ಟೆಗೆ ತಂದಿತು. ಒಳಗೊಂದು ಪುಟ್ಟ ಫ್ಯಾನ್, ಅದಕ್ಕೆ ಬ್ಯಾಟರಿ. ಮೇಲಿನಿಂದ ಹಚ್ಚಿದರೆ ಗುಳಿಗೆ ಅನಿಲವಾಗಿ ಹೊಗೆಯಿಲ್ಲದೆ ನೀಲಿ ಬೆರೆತ ಉರಿ. ಒಲೆ ನಿಜಕ್ಕೂ ಚೆನ್ನಾಗಿತ್ತು. ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಹೆಚ್ಚಾಗಿ, ಒಟ್ಟು ನಾಲ್ಕು ಲಕ್ಷದಷ್ಟು ಮಾರಾಟವಾಯಿತು. ಪೆಲೆಟ್‌ಗೆ ಬೇಕಾದ ಕಬ್ಬಿನ ಸಿಪ್ಪೆ, ಕಡಲೆಕಾಯಿ ಸಿಪ್ಪೆಗಳಿಗೆ ಆಮೇಲೆ ಕಾರ್ಖಾನೆಗಳ ಬಾಯ್ಲರ್‌ಗಳೂ ಕೈಚಾಚಿದವು, ಬೆಲೆ ಏರಿತು, ಹಳ್ಳಿಗಳಿಗೆ ಚೀಲ ತಲುಪುವುದು ನಿಂತಿತು. ಕಂಪನಿ ಹೊರನಡೆಯಿತು, ಊರ್ಜಾ ವ್ಯವಹಾರವನ್ನು ಕೊಂಡ ಪುಣೆಯ ಫಸ್ಟ್ ಎನರ್ಜಿ ಮನೆಗಳನ್ನು ಬಿಟ್ಟು ಹೋಟೆಲ್ ಅಡುಗೆಮನೆಗಳ ಕಡೆ ತಿರುಗಿತು. ಒಲೆ ಕೊಂಡ ಮನೆಗಳಲ್ಲಿ ಬಹುಪಾಲು ಅದನ್ನು ಅಟ್ಟಕ್ಕೇರಿಸಿದವು. ಒಂದೇ ಕಂಪನಿಯ ಗುಳಿಗೆಯನ್ನಷ್ಟೇ ಉರಿಸಬಲ್ಲ ಒಲೆ ಕೊಳ್ಳುವುದೆಂದರೆ ಆ ಕಂಪನಿಯ ಆಯುಷ್ಯದ ಮೇಲೆ ಪಣ ಕಟ್ಟಿದಂತೆ.

ಆ ಪೈಪೋಟಿ ಈಗ ಕಡಿಮೆಯಾಗಿಲ್ಲ. ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆ ಪೆಲೆಟ್ ಬೆರೆಸಿ ಸುಡಬೇಕೆಂದು ಕೇಂದ್ರ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ನೀತಿ ಮಾಡಿದೆ. ಟನ್ನುಗಟ್ಟಲೆ ಕೊಳ್ಳುವ ಸ್ಥಾವರದ ಮುಂದೆ ತಿಂಗಳಿಗೆ ಎರಡು ಟನ್ ಕೊಳ್ಳುವ ಬೇಕರಿ ಚಿಕ್ಕ ಗಿರಾಕಿ. ಇದರಿಂದ ತಪ್ಪಿಸಿಕೊಳ್ಳಲು ಇರುವ ದಾರಿ, ಜಿಲ್ಲೆಯ ಹೊಟ್ಟು ಜಿಲ್ಲೆಯಲ್ಲೇ ಗುಳಿಗೆಯಾಗುವುದು. ಸಾಮಗ್ರಿಗೆ ಕೊರತೆಯಿಲ್ಲ: ಸಕಲೇಶಪುರ, ಬೇಲೂರಿನ ಕಾಫಿ ಹೊಟ್ಟು, ಹಾಸನ ಸುತ್ತಿನ ಜೋಳದ ಬೆಂಡು, ಊರೂರಿನ ಸಾಮಿಲ್ಲುಗಳ ಹೊಟ್ಟು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದ ಹೇಮಾವತಿ ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸಕ್ಕರೆ ಕಾರ್ಖಾನೆಯ ಸಿಪ್ಪೆಗೆ ಅದರದೇ ಬಾಯ್ಲರ್ ಮೊದಲ ಗಿರಾಕಿ. ಹೊಳೆನರಸೀಪುರದ ಹೇಮಾವತಿ ನಾಲೆ ಬಯಲಿನ ಭತ್ತದ ಹೊಟ್ಟನ್ನೂ ಅಕ್ಕಿ ಗಿರಣಿಗಳು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಎಲ್ಲ ಹೊಟ್ಟೂ ಒಂದೇ ಅಲ್ಲ. ಮರದ ಹೊಟ್ಟಿನ ಪೆಲೆಟ್‌ನಲ್ಲಿ ಬೂದಿ ಶೇ 1ರ ಹತ್ತಿರ. ಭತ್ತದ ಹೊಟ್ಟಿನದರಲ್ಲಿ ಶೇ 18-20, ಅಂದರೆ ದಿನಕ್ಕೆ 64 ಕೆ.ಜಿ. ಉರಿಸಿದವನು 12 ಕೆ.ಜಿ. ಬೂದಿ ಹೊರಬೇಕು. ಕಾಫಿ ಹೊಟ್ಟು, ತೆಂಗಿನ ನಾರಿನಲ್ಲಿ ಪೊಟ್ಯಾಷ್ ಹೆಚ್ಚು. ಅದರ ಬೂದಿ ಕಡಿಮೆ ಕಾವಿಗೇ ಕರಗಿ, ಬರ್ನರ್‌ನ ಬಾಯಲ್ಲಿ ಕಿಟ್ಟವಾಗಿ ಕಚ್ಚಿಕೊಳ್ಳುತ್ತದೆ. ಗಾಳಿ ಕಟ್ಟಿದರೆ ಉರಿ ಹೊಗೆಯಾಗುತ್ತದೆ, ಹೊಗೆಯಾದರೆ ಉಳಿತಾಯ ಕೊಳವೆಯಲ್ಲಿ ಹೋಗುತ್ತದೆ. ಬೇಕರಿಯವರು ಕೆ.ಜಿ.ಗೆ ಎರಡು ರೂಪಾಯಿ ಹೆಚ್ಚಾದರೂ ಮರದ ಹೊಟ್ಟಿನದನ್ನೇ ಕೊಳ್ಳುವುದು ಲೇಸು. ಡೀಸೆಲ್‌ನಂತೆ ತಟ್ಟನೆ ಆರುವ ಗುಣವೂ ಪೆಲೆಟ್‌ಗಿಲ್ಲ. ಗುಳಿಗೆ ತಳ್ಳುವುದು ನಿಂತ ಮೇಲೂ ಬರ್ನರ್ ಒಳಗಿರುವುದು ಉರಿದು ಮುಗಿಯಬೇಕು. ಮೊದಲ ವಾರ ಬಿಸ್ಕತ್ತಿನ ತಳ ಕಪ್ಪಾದರೆ ಕಾರಣ ಅದೇ.

ಮೂರನೆಯದು ಹೊಗೆಸೊಪ್ಪು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ರಾಜ್ಯದಲ್ಲಿ ಮಂಡಳಿಯ ಹರಾಜು ಶುರುವಾದದ್ದು 1984ರಲ್ಲಿ. ಸೊಪ್ಪನ್ನು ಬ್ಯಾರನ್‌ನಲ್ಲಿ ಕಟ್ಟಿ ಐದಾರು ದಿನ ಬೇಯಿಸುತ್ತಾರೆ: ಹಳದಿ ಬರಿಸಲು 35 ಡಿಗ್ರಿಯ ಆಸುಪಾಸು, ಕೊನೆಗೆ ನಡುದಂಟು ಒಣಗಿಸಲು 70ರವರೆಗೆ. ಒಂದು ಕೆ.ಜಿ. ಹದವಾದ ಸೊಪ್ಪಿಗೆ ನಾಲ್ಕೈದು ಕೆ.ಜಿ. ಸೌದೆ ಹೋಗುತ್ತದೆ. ಇಲ್ಲಿ ಬಿಡಬೇಕಾದದ್ದು ಎಣ್ಣೆಯನ್ನಲ್ಲ, ಸೌದೆಯನ್ನು. ಅದು ಪೆಲೆಟ್‌ಗಿಂತ ಅಗ್ಗ. ಸೌದೆ ಕೆ.ಜಿ.ಗೆ 5 ರೂಪಾಯಿಯಂತೆ ಐದು ಕೆ.ಜಿ.ಗೆ 25 ಆದರೆ, ಪೆಲೆಟ್ ಮೂರೇ ಕೆ.ಜಿ. ಸಾಕಾದರೂ 45. ರಾತ್ರಿಯೆಲ್ಲ ಎದ್ದು ಉರಿ ನೋಡುವ ಕೂಲಿ ಉಳಿಯಬಹುದು, ಕಾವು ಒಂದೇ ಸಮ ನಿಂತು ಬಣ್ಣ ಚೆನ್ನಾಗಿ ಬರಬಹುದು. ಅಷ್ಟಾದರೂ ಬೆಳೆಗಾರ ಮೊದಲು ಹಣ ಹಾಕಬೇಕಾದದ್ದು ಬ್ಯಾರನ್‌ನ ಗೋಡೆ ಬಿರುಕಿಗೆ, ಸೋರುವ ಬಾಗಿಲಿಗೆ, ಮಾಡಿನ ಕೆಳಗೊಂದು ಶಾಖತಡೆ ಹೊದಿಕೆಗೆ.

ಪೆಲೆಟ್‌ಗೆ ನೀರು ಶತ್ರು. ಒದ್ದೆಯಾದ ಗುಳಿಗೆ ಉಬ್ಬಿ ಮತ್ತೆ ಹೊಟ್ಟಾಗುತ್ತದೆ, ತಿರುಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ತಿಂಗಳ ದಾಸ್ತಾನಿಗೆ ಸೋರದ, ನೆಲದಿಂದ ಮೇಲೆತ್ತಿದ ಎಂಟಡಿ-ಆರಡಿಯ ಕೋಣೆ ಬೇಕು. ಅಂಥ ಜಾಗ ಬಾಡಿಗೆಗೆ ಹಿಡಿಯಬೇಕಾದ ಪೇಟೆಬೀದಿಯ ಅಂಗಡಿ ಆ ಬಾಡಿಗೆಯನ್ನೂ ಕೆ.ಜಿ. ಬೆಲೆಗೆ ಸೇರಿಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಟ್ಟು ಬಿಸಿಲಲ್ಲಿ ಒಣಗುವುದಿಲ್ಲವಾದ್ದರಿಂದ ತಯಾರಿಕೆ ಕುಂಟುತ್ತದೆ, ಬೆಲೆ ಏರುತ್ತದೆ. ಏಪ್ರಿಲ್-ಮೇ ತಿಂಗಳಲ್ಲೇ ಮಳೆಗಾಲದ ಸರಕು ತುಂಬಿಸಿಕೊಳ್ಳುವಷ್ಟು ಜಾಗವೂ ಕೈಯಲ್ಲಿ ಹಣವೂ ಇದ್ದವರಿಗೆ ಬದಲಾವಣೆ ಸಲೀಸು. ಇಲ್ಲದವರು ಬಿಚ್ಚಿದ ಡೀಸೆಲ್ ಬರ್ನರ್ ಅನ್ನು ಗುಜರಿಗೆ ಹಾಕದೆ, ಒಂದು ಮಳೆಗಾಲ ದಾಟುವವರೆಗೆ ಮೂಲೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.